ಸಂಜೆ ಐದರಿಂದ ಏಳು: ಹಾಸ್ಟೆಲ್‌ಗಳ ಹೊಣೆ ಹೊತ್ತವರಿಗೊಂದು ಬಹಿರಂಗ ಪತ್ರ

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಕಾಲೇಜು, ವಿಶ್ವವಿದ್ಯಾಲಯ ಹಾಗೂ ಇಲಾಖೆಗಳ ವಿದ್ಯಾರ್ಥಿನಿಲಯಗಳನ್ನು ನಡೆಸುವವರಿಗೆ, ವಾರ್ಡನ್‌ಗಳಿಗೆ, ದೈಹಿಕ ಶಿಕ್ಷಣ ನಿರ್ದೇಶಕರಿಗೆ

ಮಾನ್ಯರೇ,

ಹಾಸ್ಟೆಲ್ ಸಭೆಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ಈಗಿನ ಮಕ್ಕಳು ಆಡುವುದೇ ಇಲ್ಲ, ಸಂಜೆಯಾದರೆ ಮೊಬೈಲ್ ಹಿಡಿದು ಮಂಚ ಹತ್ತುತ್ತಾರೆ. ನಾವು ಮೈದಾನ ಹದ ಮಾಡುವ, ಆಟ ಕಲಿಸುವ, ನೆಟ್ ಕಟ್ಟುವ ಕೆಲಸದವರು. ಈ ಮಾತಿಗೆ ನಮ್ಮ ಒಪ್ಪಿಗೆಯಿಲ್ಲ. ಯಾವ ಹಾಸ್ಟೆಲಿನ ಕಾರಿಡಾರ್ ಬೇಕಾದರೂ ನೋಡಿ. ಗೋಡೆಯ ಮೇಲೆ ಇದ್ದಲಿನಲ್ಲಿ ಮೂರು ಸ್ಟಂಪು ಬರೆದಿರುತ್ತದೆ, ಅದರ ಎದುರಿನ ಟ್ಯೂಬ್‌ಲೈಟ್ ಒಡೆದಿರುತ್ತದೆ, ತಾರಸಿಯಲ್ಲಿ ಬಟ್ಟೆ ಒಣಹಾಕುವ ಹಗ್ಗವೇ ಶಟಲ್ ನೆಟ್ ಆಗಿರುತ್ತದೆ. ಆಡುವ ಹುಕಿ ಇದ್ದೇ ಇದೆ. ಅದಕ್ಕೆ ಜಾಗ, ಬೆಳಕು, ಬೀಗದ ಕೈ ಯಾವುದೂ ಹೊತ್ತಿಗೆ ಸರಿಯಾಗಿ ಸಿಗುವುದಿಲ್ಲ.

ಹೊತ್ತಿನ ಲೆಕ್ಕವನ್ನೇ ಮೊದಲು ನೋಡಿ. ಕೊನೆಯ ತರಗತಿ ಅಥವಾ ಲ್ಯಾಬ್ ಮುಗಿಯುವುದು ನಾಲ್ಕೂವರೆಗೆ. ಹಾಸ್ಟೆಲ್ ತಲುಪಿ, ಟೀ ಕುಡಿದು, ಬಟ್ಟೆ ಬದಲಿಸುವಾಗ ಐದೂಕಾಲು. ನಮ್ಮ ಕಡೆ ನವೆಂಬರ್ ಕೊನೆಗೆ ಆರು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಜೂನ್ ಕೊನೆಗೆ ಮಾತ್ರ ಏಳರ ಹತ್ತಿರಕ್ಕೆ ಹೋಗುತ್ತದೆ, ಆದರೆ ಆಗ ಮಳೆ, ಇಲ್ಲವೆ ರಜೆ. ಹಾಗಾಗಿ ತರಗತಿಗಳು ಗಟ್ಟಿಯಾಗಿ ನಡೆಯುವ ತಿಂಗಳುಗಳಲ್ಲಿ ಆಡಲು ಉಳಿಯುವುದು ನಲವತ್ತು ನಿಮಿಷ. ಆ ನಲವತ್ತರಲ್ಲಿ ಕ್ರೀಡಾ ಕೊಠಡಿಯ ಬೀಗದ ಕೈ ಯಾರ ಹತ್ತಿರ ಇದೆ ಎಂದು ಹುಡುಕಲು ಹದಿನೈದು, ನೆಟ್ ಕಟ್ಟಲು ಹತ್ತು, ಚೆಂಡಿಗೆ ಗಾಳಿ ಹೊಡೆಸಲು ಇನ್ನೈದು. ಉಳಿದ ಹತ್ತು ನಿಮಿಷಕ್ಕಾಗಿ ಯಾರೂ ಬೂಟು ಕಟ್ಟಿಕೊಳ್ಳುವುದಿಲ್ಲ. ರಸ್ತೆ ಬದಿಯ ಮಿರ್ಚಿ ಮಂಡಕ್ಕಿ ಗಾಡಿಯ ಹತ್ತಿರ ಹೋಗಿ ನಿಲ್ಲುತ್ತಾರೆ. ಅವರ ತಪ್ಪಲ್ಲ ಅದು.

ಯಾವುದೇ ಒಂದು ಹಾಸ್ಟೆಲಿನ ಮೇಲೆ ದೂರು ಹೇಳುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಸ್ಟೇಡಿಯಂ ಕೇಳುತ್ತಲೂ ಇಲ್ಲ. ನಮ್ಮ ಬೇಡಿಕೆ ಒಂದೇ: ಪ್ರತಿ ಹಾಸ್ಟೆಲಿನ ಆವರಣದಲ್ಲಿ 24 ಮೀಟರ್ ಉದ್ದ, 15 ಮೀಟರ್ ಅಗಲದ ಒಂದು ಆಟದ ಅಂಕಣ, ಅದಕ್ಕೆ ಸಂಜೆ ಏಳರವರೆಗೆ ಬೆಳಕು, ಮತ್ತು ವಿದ್ಯಾರ್ಥಿಗಳ ಕೈಯಲ್ಲೇ ಇರುವ ಒಂದು ಕೀಲಿ. ಇದನ್ನು ಹೇಗೆ ಮಾಡಬೇಕು, ಎಲ್ಲಿ ಕೆಡುತ್ತದೆ ಎಂಬುದನ್ನು ಮುಂದೆ ಬಿಡಿಸಿ ಬರೆದಿದ್ದೇವೆ.

ಈ ಅಳತೆ ಯಾಕೆ? ವಾಲಿಬಾಲ್ ಅಂಕಣ 18 ಮೀಟರ್‌ಗೆ 9 ಮೀಟರ್, ಸುತ್ತ 3 ಮೀಟರ್ ಖಾಲಿ ಜಾಗ ಬೇಕು. ಸೇರಿದರೆ 24ಕ್ಕೆ 15 ಆಯಿತು. ಇದರೊಳಗೆ ಹೆಣ್ಣುಮಕ್ಕಳು ಹೆಚ್ಚಾಗಿ ಆಡುವ ಥ್ರೋಬಾಲ್ (18.30ಕ್ಕೆ 12.20) ಕೂರುತ್ತದೆ. ಕಬಡ್ಡಿ ಅಂಕಣ ಗಂಡಸರದು 13ಕ್ಕೆ 10, ಹೆಂಗಸರದು 12ಕ್ಕೆ 8, ಅದೂ ಕೂರುತ್ತದೆ. ಬಾಲ್ ಬ್ಯಾಡ್ಮಿಂಟನ್ 24ಕ್ಕೆ 12, ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಟೆನಿಕಾಯ್ಟ್, ಅಂದರೆ ನಮ್ಮ ರಿಂಗ್ ಆಟದ ಅಂಕಣ 12.2ಕ್ಕೆ 5.5, ಅಂಥವು ಅಕ್ಕಪಕ್ಕ ಎರಡು ಹಾಕಬಹುದು. ಖೊ ಖೊ ಮಾತ್ರ 27ಕ್ಕೆ 16 ಬೇಡುವುದರಿಂದ ಇದರಲ್ಲಿ ಹಿಡಿಸುವುದಿಲ್ಲ. ಅದಕ್ಕೆ ಕಾಲೇಜು ಮೈದಾನಕ್ಕೇ ಹೋಗಬೇಕು.

ಟೂರ್ನಮೆಂಟ್ ಬೇರೆ, ದಿನದ ಆಟ ಬೇರೆ. ಅಂತರಕಾಲೇಜು ತಂಡಕ್ಕೆ ಹನ್ನೆರಡು ಜನರನ್ನು ಆರಿಸಿ, ಜೆರ್ಸಿ ಹೊಲಿಸಿ, ಟಿಎ ಡಿಎ (ಪ್ರಯಾಣ ಭತ್ಯೆ, ದಿನಭತ್ಯೆ) ಕೊಟ್ಟರೆ ಕ್ರೀಡಾ ಖಾತೆಯ ಲೆಕ್ಕ ಮುಗಿಯುತ್ತದೆ. ಉಳಿದ ನೂರಾರು ಜನ ಪ್ರವೇಶದ ಹೊತ್ತಿನಲ್ಲಿ ಕ್ರೀಡಾ ಶುಲ್ಕ ಕಟ್ಟಿ, ವರ್ಷಕ್ಕೊಮ್ಮೆ ಆಗಸ್ಟ್ 29ರ ರಾಷ್ಟ್ರೀಯ ಕ್ರೀಡಾ ದಿನಕ್ಕೆ ಚಪ್ಪಾಳೆ ತಟ್ಟುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಬೇಕು. ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ಕುಣಿದಾಡಿದರೆ 150 ಆಯಿತು. ಆ ಐದು ದಿನ ಬೇಕಾದದ್ದು ತಂಡದ ಹನ್ನೆರಡು ಜನರಿಗಲ್ಲ, ಅವರು ಹೇಗೂ ಓಡುತ್ತಾರೆ. ಸರ್ವೀಸ್ ನೆಟ್ ದಾಟಿಸಲು ಬಾರದವನಿಗೆ, ಶಾಲೆ ಬಿಟ್ಟ ಮೇಲೆ ಚೆಂಡು ಮುಟ್ಟದವಳಿಗೆ ಬೇಕು.

ಇನ್ನು ಬೀಗದ ವಿಚಾರ. ಇದು ಮೂರು ಕಾಸಿನ ಸಂಗತಿಯಂತೆ ಕಾಣುತ್ತದೆ, ಆದರೆ ಅರ್ಧ ಆಟ ಸಾಯುವುದು ಇಲ್ಲೇ. ಮಾರ್ಚ್ ಕೊನೆಯ ವಾರದಲ್ಲಿ ಹಣ ಖರ್ಚು ಮಾಡಲೇಬೇಕೆಂದು ಒಮ್ಮೆಗೇ ಹತ್ತು ವಾಲಿಬಾಲ್, ಇಪ್ಪತ್ತು ರ‍್ಯಾಕೆಟ್ ತರಿಸುತ್ತಾರೆ. ಅವನ್ನು ಮೇಜು ಕುರ್ಚಿಯ ಜೊತೆಗೆ ಸ್ಟಾಕ್ ರಿಜಿಸ್ಟರಿಗೆ ಏರಿಸುತ್ತಾರೆ. ಅಲ್ಲಿಂದಾಚೆಗೆ ಚೆಂಡು ಸರ್ಕಾರಿ ಆಸ್ತಿ. ಆಡಿಟ್ ಬಂದಾಗ ತೋರಿಸಬೇಕು. ಕೊಟ್ಟರೆ ಸವೆಯುತ್ತದೆ, ಸವೆದರೆ ವಿವರಣೆ ಕೇಳುತ್ತಾರೆ. ಅದಕ್ಕೇ ಯಾರೂ ಕೊಡುವುದಿಲ್ಲ. ಬೀರುವಿನಲ್ಲಿ ಹೊಸದಾಗಿಯೇ ಉಳಿದ ಚೆಂಡಿನ ಬ್ಲಾಡರ್ ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಗಟ್ಟಿಯಾಗಿ ಬಿರಿಯುತ್ತದೆ, ಅಂಟಿಸಿದ ಪಟ್ಟಿಗಳು ಬಿಡುತ್ತವೆ. ಯಾರೂ ಆಡದೆಯೇ ಚೆಂಡು ಹಾಳು.

ಪರಿಹಾರಕ್ಕೆ ಒಂದು ಆದೇಶ ಸಾಕು. ಚೆಂಡು, ಶಟಲ್, ನೆಟ್, ಸೂಜಿ, ಗ್ರಿಪ್ ಇವನ್ನು ಸೀಮೆಸುಣ್ಣ ಮತ್ತು ಫಿನೈಲಿನ ಸಾಲಿಗೆ, ಖರ್ಚಾಗುವ ವಸ್ತುಗಳ ಪಟ್ಟಿಗೆ ಸೇರಿಸಿ. ವರ್ಷಕ್ಕೊಮ್ಮೆ ರಾಶಿ ತರಿಸುವ ಬದಲು ಮೂರು ತಿಂಗಳಿಗೊಮ್ಮೆ ತರಿಸಿ. ನೂರು ಜನರ ಹಾಸ್ಟೆಲಿಗೆ ಮೂರು ತಿಂಗಳಿಗೆ ವಾಲಿಬಾಲ್ 3, ಥ್ರೋಬಾಲ್ 2, ನೈಲಾನ್ ಶಟಲ್ 6 ಡಬ್ಬಿ, ರಬ್ಬರ್ ರಿಂಗ್ 4, ಬಾಲ್ ಬ್ಯಾಡ್ಮಿಂಟನಿನ ಉಲ್ಲನ್ ಚೆಂಡು ಒಂದು ಡಜನ್, ಗಾಳಿ ಹೊಡೆಯುವ ಸೂಜಿ 6 ಸಾಕಾಗುತ್ತದೆ. ರ‍್ಯಾಕೆಟ್ 8, ಹ್ಯಾಂಡ್ ಪಂಪ್ 1, ನೆಟ್ 2 ವರ್ಷಕ್ಕೊಮ್ಮೆ. ಇವೆಲ್ಲ ಮೆಸ್ಸಿನ ಬಾಗಿಲ ಪಕ್ಕದ ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿರಲಿ. ಪೆಟ್ಟಿಗೆಗೆ ನಾಲ್ಕಂಕಿಯ ನಂಬರ್ ಬೀಗ, ನಂಬರ್ ಇಬ್ಬರು ವಿದ್ಯಾರ್ಥಿ ಪ್ರತಿನಿಧಿಗಳ ಹತ್ತಿರ. ಒಬ್ಬರು ಮೊದಲ ವರ್ಷದವರಾಗಿರಬೇಕು, ಇಲ್ಲವಾದರೆ ಸೀನಿಯರ್‌ಗಳೇ ಆಡಿ ಎದ್ದು ಹೋಗುತ್ತಾರೆ. ಪೆಟ್ಟಿಗೆಗೆ ಒಂದು ನೋಟ್‌ಬುಕ್ ಕಟ್ಟಿ: ಹೊತ್ತು, ಹೆಸರು, ಒಯ್ದದ್ದು, ತಂದದ್ದು. ಸೂಜಿ ಯಾಕೆ ಆರು ಎಂದರೆ, ಒಣ ಸೂಜಿ ಚುಚ್ಚಿ ಮುರಿಯುವುದೇ ಎಲ್ಲರ ಅಭ್ಯಾಸ. ಎಂಜಲಾದರೂ ಸರಿ, ಒದ್ದೆ ಮಾಡಿಯೇ ಚುಚ್ಚಬೇಕು ಎಂದು ಪೆಟ್ಟಿಗೆಯ ಮುಚ್ಚಳದ ಮೇಲೆ ಬರೆಸಿ. ವಾಲಿಬಾಲಿನ ಒತ್ತಡ ಚದರ ಸೆಂಟಿಮೀಟರಿಗೆ 0.30ರಿಂದ 0.325 ಕೆ.ಜಿ. ಮಾತ್ರ. ಸೈಕಲ್ ಶಾಪಿನ ಕಂಪ್ರೆಸರಿಗೆ ಕೊಟ್ಟರೆ ಅದರ ಹತ್ತು ಪಟ್ಟು ತುಂಬಿ ಹೊಲಿಗೆ ಬಿಡಿಸಿಬಿಡುತ್ತದೆ, ಆಡಿದವರ ಮುಂಗೈ ಕೆಂಪಾಗಿ ಊದುತ್ತದೆ. ಹೆಬ್ಬೆರಳಿನಲ್ಲಿ ಒತ್ತಿದಾಗ ತುಸು ತಗ್ಗಬೇಕು, ಅದೇ ಗುರುತು.

ಇನ್ನು ನೆಲ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ನಮ್ಮ ಜಿಲ್ಲೆಯಲ್ಲಿ ಅಂಕಣ ಕೆಡುವುದು ಹೆಚ್ಚಾಗಿ ಮಣ್ಣಿನಿಂದ. ಜಗಳೂರು, ಚಿತ್ರದುರ್ಗದ ಕಡೆ ಕೆಂಪು ಮಣ್ಣು ಸಿಕ್ಕರೆ ಅದೃಷ್ಟ. ದಾವಣಗೆರೆ ಊರ ಸುತ್ತ ಬಹಳ ಕಡೆ ಎರೆ, ಅಂದರೆ ಕಪ್ಪು ಮಣ್ಣು. ಹತ್ತಿ ಬೆಳೆದು, ಮಿಲ್ಲುಗಳನ್ನು ತಂದು ಈ ಊರನ್ನು ಊರು ಮಾಡಿದ್ದು ಇದೇ ಎರೆ ಮಣ್ಣು. ಅಂಕಣಕ್ಕೆ ಮಾತ್ರ ಇದು ಹಗೆ. ಮಳೆ ಬಿದ್ದರೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಅಂಗೈ ತೂರುವಷ್ಟು ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಕಾಲು ಸಿಕ್ಕರೆ ಕಣಕಾಲು ಉಳುಕುವುದು ಖಚಿತ.

ಗುತ್ತಿಗೆದಾರರು ಮಾಡುವ ಮಾಮೂಲಿ ಕೆಲಸವೆಂದರೆ ಎರೆಯ ಮೇಲೇ ನಾಲ್ಕು ಬೆರಳು ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ಹರಡಿ ಒಮ್ಮೆ ರೋಲರ್ ಓಡಿಸುವುದು. ಉದ್ಘಾಟನೆಯ ಫೋಟೋಕ್ಕೆ ಚೆನ್ನಾಗಿರುತ್ತದೆ. ಮೊದಲ ಮಳೆಗೆ ಕೆಳಗಿನ ಎರೆ ಉಬ್ಬಿ ಗರಸನ್ನು ಎತ್ತುತ್ತದೆ, ಕಲ್ಲು ಮೇಲೆ, ಕೆಸರು ನಡುವೆ. ಎರಡನೇ ವರ್ಷಕ್ಕೆ ಅಲ್ಲಿ ಪಾರ್ಥೇನಿಯಂ ಬೆಳೆದಿರುತ್ತದೆ.

ಸರಿಯಾದ ಕ್ರಮ ಹೀಗೆ. 24ಕ್ಕೆ 15ರ ಜಾಗದಲ್ಲಿ 30 ಸೆಂ.ಮೀ. ಎರೆ ತೆಗೆದು ಹೊರಗೆ ಸಾಗಿಸಿ. ಪಕ್ಕದಲ್ಲೇ ಗುಡ್ಡೆ ಹಾಕಿದರೆ ಮಳೆಗೆ ಮತ್ತೆ ಒಳಗೇ ಹರಿಯುತ್ತದೆ. ಆ ಗುಂಡಿಗೆ ಗರಸನ್ನು 15 ಸೆಂ.ಮೀ.ನಂತೆ ಎರಡು ಪದರವಾಗಿ ತುಂಬಿ, ಪ್ರತಿ ಪದರಕ್ಕೂ ನೀರು ಹಾಕಿ ರೋಲರ್ ಓಡಿಸಬೇಕು. ನೀರಿನ ಹದ ನೋಡಲು ಯಂತ್ರ ಬೇಡ: ಹಿಡಿ ಗರಸು ಹಿಸುಕಿದರೆ ಉಂಡೆಯಾಗಬೇಕು, ಬೆರಳಿನಿಂದ ತಟ್ಟಿದರೆ ಒಡೆಯಬೇಕು, ಅಂಗೈ ಒದ್ದೆಯಾಗಬಾರದು. ಅದರ ಮೇಲೆ ಜರಡಿ ಹಿಡಿದ ಕೆಂಪು ಮಣ್ಣು ಎರಡು ಪಾಲು, ಮರಳು ಒಂದು ಪಾಲು ಬೆರೆಸಿ 10 ಸೆಂ.ಮೀ. ಹಾಸಬೇಕು. ಆಗ ಅಂಕಣ ಸುತ್ತಲಿನ ನೆಲಕ್ಕಿಂತ 10 ಸೆಂ.ಮೀ. ಎತ್ತರ ನಿಲ್ಲುತ್ತದೆ, ನೀರು ಒಳಗೆ ಬಾರದು. ಗಟ್ಟಿಯಾದ ಮೇಲೆ 108 ಘನ ಮೀಟರ್ ಉಳಿಯಬೇಕಾದರೆ ಸಡಿಲ ಗರಸು ಸುಮಾರು 140 ಘನ ಮೀಟರ್ ತರಿಸಬೇಕು. 200 ಘನ ಅಡಿಯ ಟಿಪ್ಪರ್ ಲೆಕ್ಕದಲ್ಲಿ ಇಪ್ಪತ್ತೈದು ಲೋಡ್, ಮೇಲಿನ ಮಣ್ಣು ಮರಳಿಗೆ ಇನ್ನೆಂಟು. ಎಸ್ಟಿಮೇಟಿನಲ್ಲಿ ಹತ್ತು ಲೋಡ್ ಮಾತ್ರ ಕಂಡರೆ ಆ ಕಡತಕ್ಕೆ ಸಹಿ ಹಾಕಬೇಡಿ.

ಇಳಿಜಾರು ಮರೆಯಬಾರದು. ಹೊರಾಂಗಣ ವಾಲಿಬಾಲ್ ಅಂಕಣಕ್ಕೆ ಮೀಟರಿಗೆ 5 ಮಿ.ಮೀ. ಇಳಿಜಾರನ್ನು ನಿಯಮವೇ ಒಪ್ಪುತ್ತದೆ. ಉದ್ದದ ನಡುಗೆರೆಯಿಂದ ಎರಡು ಬದಿಗೂ ಏಳೂವರೆ ಮೀಟರ್; ಅಂದರೆ ನಡು ಅಂಚಿಗಿಂತ ಮೂರು ಮುಕ್ಕಾಲು ಸೆಂಟಿಮೀಟರ್ ಎತ್ತರ. ಕಣ್ಣಿಗೆ ಕಾಣುವುದಿಲ್ಲ, ನೀರಿಗೆ ಗೊತ್ತಾಗುತ್ತದೆ. ಅಂಚಿನಲ್ಲಿ ಒಂದಡಿ ಅಗಲ, ಒಂದಡಿ ಆಳದ ಚರಂಡಿ ಇರಲಿ.

ಮಣ್ಣು ಸಾಗಿಸುವ ಹಣವಿಲ್ಲದ ಕಡೆ ಸುಣ್ಣದ ದಾರಿಯಿದೆ. ಎರೆಯನ್ನು 15 ಸೆಂ.ಮೀ. ಆಳಕ್ಕೆ ರೋಟವೇಟರ್ ಹೊಡೆಸಿ ಪುಡಿ ಮಾಡಿ, ಅದರ ತೂಕದ ನೂರಕ್ಕೆ ನಾಲ್ಕು ಪಾಲು ಸುಣ್ಣ ಬೆರೆಸಿ, ನೀರು ಹಾಕಿ, ರೋಲರ್ ಓಡಿಸಿ ಏಳು ದಿನ ತೇವ ಆರದಂತೆ ಬಿಡಬೇಕು. ಈ ಅಳತೆಯ ಅಂಕಣಕ್ಕೆ ಸುಮಾರು ಮೂರು ಟನ್ ಸುಣ್ಣ ಹಿಡಿಯುತ್ತದೆ. ಉಬ್ಬುವ ಗುಣ ಬಹಳ ಮಟ್ಟಿಗೆ ಅಡಗುತ್ತದೆ. ಮೇಲಿನ ಹಾಸು ಹೇಗೂ ಬೇಕು. ಬೆರೆಸುವವರು ಕಣ್ಣಿಗೆ ಕನ್ನಡಕ ಹಾಕದಿದ್ದರೆ ಆಸ್ಪತ್ರೆಯ ಖರ್ಚು ಬೇರೆ.

ಕಾಂಕ್ರೀಟ್ ಹಾಕಿಬಿಡೋಣ, ನೋಡಿಕೊಳ್ಳುವ ತಾಪತ್ರಯವಿಲ್ಲ ಎನ್ನುವವರಿದ್ದಾರೆ. ಶಟಲಿಗಾದರೆ ಆದೀತು. ವಾಲಿಬಾಲಿನಲ್ಲಿ ದಿನವೂ ನೆಗೆದು ಇಳಿಯುವ ಮಂಡಿಗೆ, ಕಬಡ್ಡಿಯಲ್ಲಿ ಬೀಳುವ ಮೊಣಕೈಗೆ ಅದು ಆಗದು, ಎರೆಯ ಮೇಲೆ ಅದೂ ಸೀಳುತ್ತದೆ. ಇಂಟರ್‌ಲಾಕ್ ಇಟ್ಟಿಗೆಯಂತೂ ಬೇಡವೇ ಬೇಡ. ಒಂದು ಇಟ್ಟಿಗೆಯ ಅಂಚು ಅರ್ಧ ಇಂಚು ಎದ್ದರೆ ಹೆಬ್ಬೆರಳಿನ ಉಗುರು ಹೋಯಿತು.

ಧೂಳಿಗೆ ನೀರು ಚಿಮುಕಿಸಬೇಕು. ಚದರ ಮೀಟರಿಗೆ ಒಂದು ಲೀಟರಿನಂತೆ 360 ಲೀಟರ್. ಕುಡಿಯಲೇ ನೀರಿಲ್ಲ, ಮೈದಾನಕ್ಕೆಲ್ಲಿ ಎಂದು ವಾರ್ಡನ್ ಕೇಳುವುದು ಸಹಜ. ನಿಮ್ಮ ಆರ್‌ಒ ಯಂತ್ರದ ಹಿಂದಿನ ಪೈಪ್ ನೋಡಿ. ನೂರು ಜನ ದಿನಕ್ಕೆ ಮೂರು ಲೀಟರಿನಂತೆ 300 ಲೀಟರ್ ಕುಡಿದರೆ ಕಡಿಮೆಯೆಂದರೂ ಅಷ್ಟೇ ನೀರನ್ನು ಅದು ಚರಂಡಿಗೆ ಬಿಡುತ್ತಿರುತ್ತದೆ. ಉಪ್ಪಿನಂಶ ಹೆಚ್ಚಿರುವುದರಿಂದ ಗಿಡಗಳಿಗೆ ಆ ನೀರು ಒಗ್ಗುವುದಿಲ್ಲ. ಅಂಕಣಕ್ಕೆ ಒಗ್ಗುತ್ತದೆ, ಉಪ್ಪು ತೇವವನ್ನು ಹಿಡಿದಿಡುತ್ತದೆ. ಒಂದು ಸಿಂಟೆಕ್ಸ್ ಟ್ಯಾಂಕ್, ಇಪ್ಪತ್ತು ಮೀಟರ್ ಪೈಪ್, ಸಂಜೆ ನಾಲ್ಕಕ್ಕೆ ಹತ್ತು ನಿಮಿಷದ ಕೆಲಸ.

ಗೆರೆ ಹಾಕುವುದರಲ್ಲಿ ಎಲ್ಲರೂ ಮಾಡುವ ತಪ್ಪು ಮೂಲೆಯದು. ನಾಲ್ಕು ಬದಿ ಅಳೆದರೆ ಸಾಲದು, ಮೂಲೆ ಓರೆಯಾಗಿರುತ್ತದೆ. 18ಕ್ಕೆ 9ರ ಅಂಕಣದ ಕರ್ಣ 20.12 ಮೀಟರ್ ಬರಬೇಕು, ಎರಡು ಕರ್ಣವೂ ಸಮ ಇರಬೇಕು. (ಕ್ರಿಕೆಟ್ ಪಿಚ್ಚಿನ 22 ಗಜವೂ ಹೆಚ್ಚುಕಡಿಮೆ ಇಷ್ಟೇ ಉದ್ದ. ಗಂಟು ಹಾಕಿದ ಒಂದೇ ಹಗ್ಗ ಎರಡಕ್ಕೂ ಆಗುತ್ತದೆ.) ಉದ್ದದ ಬದಿ ಉತ್ತರ ದಕ್ಷಿಣವಾಗಿರಲಿ. ಪೂರ್ವ ಪಶ್ಚಿಮ ಹಾಕಿದರೆ ಸಂಜೆ ಒಂದು ತಂಡದ ಕಣ್ಣಿಗೆ ನೇರ ಬಿಸಿಲು, ಟಾಸ್ ಸೋತವರಿಗೆ ಆಟವೇ ಇಲ್ಲ. ನಡುಗೆರೆ, ನೆಟ್ಟಿನ ಎರಡೂ ಕಡೆ ಹಾಕುವ ಅಟ್ಯಾಕ್ ಗೆರೆ ಸೇರಿ ಒಟ್ಟು ಗೆರೆ 81 ಮೀಟರ್, ಅಗಲ 5 ಸೆಂ.ಮೀ. ಒಣ ಸುಣ್ಣದ ಪುಡಿ ಚೆಲ್ಲಬೇಡಿ, ಗಾಳಿಗೆ ಕಣ್ಣಿಗೆ ಹಾರಿ ಸುಡುತ್ತದೆ. ಚಾಕ್ ಪೌಡರ್ ಹಾಕಿ.

ಕಂಬಗಳು ಮೂರಿಂಚಿನ ಜಿಐ ಪೈಪ್, ಮೂರೂವರೆ ಮೀಟರ್ ಉದ್ದ, ನೆಲದ ಮೇಲೆ 2.55 ಮೀಟರ್, ಉಳಿದದ್ದು ಒಳಗೆ. ಬದಿಗೆರೆಯಿಂದ ಒಂದು ಮೀಟರ್ ಆಚೆ ನಿಲ್ಲಬೇಕು. ಗೆರೆಯ ಮೇಲೇ ನೆಟ್ಟ ಕಂಬಕ್ಕೆ ಹಣೆ ಬಡಿಸಿಕೊಂಡವರು ಬಹಳ. ನೇರ ಕಾಂಕ್ರೀಟಿಗೆ ಹುಗಿಯದೆ, ದಪ್ಪ ಪೈಪಿನ ತೋಳು ಹುಗಿದು ಅದರೊಳಗೆ ಕಂಬ ಇಳಿಸಿದರೆ ಕಬಡ್ಡಿ ದಿನ ಎತ್ತಿಡಬಹುದು. ಕೊಕ್ಕೆಗಳನ್ನು ಮೂರು ಎತ್ತರಕ್ಕೆ ಬೆಸುಗೆ ಹಾಕಿಸಿ: ಗಂಡಸರ ವಾಲಿಬಾಲಿಗೆ 2.43, ಹೆಂಗಸರಿಗೆ 2.24 (ಥ್ರೋಬಾಲಿಗೂ ಇದೇ ನಡೆಯುತ್ತದೆ), ಬಾಲ್ ಬ್ಯಾಡ್ಮಿಂಟನ್ ಮತ್ತು ರಿಂಗಿಗೆ 1.83. ನೆಟ್ಟಿನ ಮೇಲಂಚಿಗೆ ನೈಲಾನ್ ಹಗ್ಗ ಹಾಕಿದರೆ ಬಿಸಿಲಿಗೆ ಎಳೆದು ನಡು ಜೋತು ಬೀಳುತ್ತದೆ. ಉಕ್ಕಿನ ತಂತಿಹಗ್ಗ ಹಾಕಿ, ಒಂದು ಕಡೆ ತಿರುಪು ಇರಲಿ. ಆಟ ಮುಗಿದ ಮೇಲೆ ತಿರುಪು ಸಡಿಲಿಸಿ ನೆಟ್ ಒಂದು ಬದಿಗೆ ಸರಿಸಿ ಕಟ್ಟಿದರೆ ಮರುದಿನ ಕಟ್ಟಲು ಎರಡೇ ನಿಮಿಷ ಸಾಕು.

ಯಾವ ಆಟ ಎಂಬುದನ್ನು ನಮ್ಮ ಗಾಳಿಯೂ ತೀರ್ಮಾನಿಸುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಆಷಾಢದ ಗಾಳಿಗೆ ಐದು ಗ್ರಾಂ ತೂಗುವ ಶಟಲ್ ಹಿಡಿದು ಹೊರಗೆ ನಿಂತರೆ ಆಟಕ್ಕಿಂತ ಅದನ್ನು ಹೆಕ್ಕುವ ಕೆಲಸವೇ ಹೆಚ್ಚು. ವಿಶ್ವ ಬ್ಯಾಡ್ಮಿಂಟನ್ ಒಕ್ಕೂಟವೇ 2019ರಲ್ಲಿ ಬಯಲಿಗೆಂದು ಏರ್‌ಬ್ಯಾಡ್ಮಿಂಟನ್ ಎಂಬ ಬೇರೆ ಆಟ, ಬೇರೆ ಶಟಲ್ ಹೊರತಂದಿತು. ಆದರೆ ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. 27ರಿಂದ 30 ಗ್ರಾಂ ತೂಗುವ ಹಳದಿ ಉಲ್ಲನ್ ಚೆಂಡಿನ ಬಾಲ್ ಬ್ಯಾಡ್ಮಿಂಟನ್ ಬಯಲಿಗೆಂದೇ ಹುಟ್ಟಿದ ಆಟ, ಒಂದು ಕಡೆಗೆ ಐದು ಜನರಂತೆ ಹತ್ತು ಜನರನ್ನು ಒಮ್ಮೆಗೇ ಆಡಿಸುತ್ತದೆ. ಹಳೆಯ ಮೇಷ್ಟ್ರುಗಳಿಗೆ ಗೊತ್ತಿರುವ ಈ ಆಟ ಹಾಸ್ಟೆಲ್‌ಗಳಿಂದ ಯಾಕೆ ಮಾಯವಾಯಿತೋ. ಚೆಂಡು ಒದ್ದೆಯಾಗಬಾರದು, ಅಷ್ಟೇ ಜಾಗ್ರತೆ. ಗಾಳಿ ಜೋರಿದ್ದ ದಿನ ರಿಂಗ್ ಆಡಿಸಿ. ಸುಮಾರು ಇನ್ನೂರು ಗ್ರಾಂ ರಬ್ಬರನ್ನು ಯಾವ ಆಷಾಢವೂ ಹಾರಿಸದು.

ಶಟಲ್ ಬೇಕೇ ಬೇಕೆಂದರೆ ಗರಿಯದು ಬೇಡ, ನೈಲಾನ್ ತರಿಸಿ. ನಮ್ಮ ಒಣ ಹವೆಗೆ ಗರಿ ಪೆಡಸಾಗಿ ಎರಡು ಹೊಡೆತಕ್ಕೆ ಮುರಿಯುತ್ತದೆ. ನೈಲಾನಿನಲ್ಲೂ ಕಾರ್ಕಿನ ಸುತ್ತಲಿನ ಪಟ್ಟಿಯ ಬಣ್ಣ ನೋಡಿ: ಹಸಿರು ನಿಧಾನ, ನೀಲಿ ಮಧ್ಯಮ, ಕೆಂಪು ವೇಗ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ, ಮೇಲೆ ಬಿಸಿಲು. ಗಾಳಿ ತೆಳುವಾಗಿ ಶಟಲ್ ಉದ್ದ ಹಾರುತ್ತದೆ. ಮಾರ್ಚಿನಿಂದ ಮೇವರೆಗೆ ಹಸಿರೇ ಸರಿ. ಅಂಗಡಿಯವರು ಕೇಳದಿದ್ದರೆ ನೀಲಿ ಕೊಡುತ್ತಾರೆ.

ಬೆಳಕಿಗೆ ಬರೋಣ. 200 ವ್ಯಾಟಿನ ಎಲ್‌ಇಡಿ ಫ್ಲಡ್‌ಲೈಟ್ ನಾಲ್ಕು ಹಾಕಿ ಮುಗಿಸುವುದು ವಾಡಿಕೆ. ಲೆಕ್ಕ ಹಾಕಿದರೆ ಈ ಅಂಕಣದ ಮೇಲೆ 90 ಲಕ್ಸ್ (ಬೆಳಕಿನ ಅಳತೆ) ಆಸುಪಾಸು ಬೀಳುತ್ತದೆ; ನಡೆದಾಡಲು ಸಾಕು, ಸ್ಮ್ಯಾಶ್ ತೆಗೆಯಲು ಸಾಲದು. ಎಂಟು ಹಾಕಿದರೆ 180ರ ಹತ್ತಿರ, ವಿನೋದದ ಆಟಕ್ಕೆ ನಡೆಯುತ್ತದೆ. ಏಳೆಂಟು ಮೀಟರ್ ಎತ್ತರದ ನಾಲ್ಕು ಕಂಬ, ಪ್ರತಿಯೊಂದಕ್ಕೂ ಎರಡು ದೀಪ, ಎಲ್ಲವೂ ಉದ್ದದ ಬದಿಗಳಲ್ಲಿ. ಅಂಕಣದ ತುದಿಗಳಲ್ಲಿ ನಿಲ್ಲಿಸಿದರೆ ಎತ್ತಿದ ಚೆಂಡು ದೀಪದೊಳಗೆ ಮಾಯವಾಗುತ್ತದೆ. ಎಂಟೂ ಸೇರಿ 1.6 ಕಿಲೋವ್ಯಾಟ್, ಅಂದರೆ ಸ್ನಾನದ ಮನೆಯ ಒಂದು ಗೀಸರಿಗಿಂತ ಕಡಿಮೆ. ದಿನಕ್ಕೆ ಒಂದೂವರೆ ಗಂಟೆ ಉರಿಸಿದರೆ 2.4 ಯೂನಿಟ್, ತಿಂಗಳಿಗೆ 72. ಬಿಳಿ ಬೆಳಕಿನ ಬದಲು ಹಳದಿ ಛಾಯೆಯದು, 3000 ಕೆಲ್ವಿನ್ ಎಂದು ಬರೆದದ್ದು ಕೇಳಿ ತನ್ನಿ. ಭದ್ರಾ ನಾಲೆಯ ಭತ್ತದ ಗದ್ದೆಗಳ ನಡುವಿನ ಹಾಸ್ಟೆಲ್‌ಗಳಲ್ಲಿ ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಬಿಳಿ ದೀಪದ ಕೆಳಗೆ ಬಾಯಿ ತೆರೆದರೆ ಹುಳ. ಹಳದಿಗೆ ಅವು ಕಡಿಮೆ ಬರುತ್ತವೆ. ಕಂಬಕ್ಕೆ ಅರ್ಥಿಂಗ್ ಮಾಡಿಸದೆ ಸ್ವಿಚ್ ಹಾಕಬೇಡಿ. ಒದ್ದೆ ನೆಲ, ಬರಿಗಾಲು, ಕಬ್ಬಿಣದ ಕಂಬ ಮೂರೂ ಒಂದೇ ಕಡೆ ಸೇರುತ್ತವೆ.

ಹೆಣ್ಣುಮಕ್ಕಳ ಹಾಸ್ಟೆಲ್ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಗೇಟು ಆರಕ್ಕೆ ಮುಚ್ಚುತ್ತದೆ, ಕಾಲೇಜಿನ ಮೈದಾನದಲ್ಲಿ ಆ ಹೊತ್ತಿಗೆ ಹುಡುಗರ ಕ್ರಿಕೆಟ್. ಉಳಿಯುವುದು ತಾರಸಿಯ ಮೇಲೆ ಸುತ್ತು ಹಾಕುವುದೊಂದೇ. ಗೇಟಿನ ವೇಳೆ ಬದಲಿಸಲು ನೀವು ನೂರು ಜನರನ್ನು ಕೇಳಬೇಕಾಗಬಹುದು, ನಮಗೂ ಗೊತ್ತು. ಆದರೆ ಅಂಕಣ ಗೇಟಿನ ಒಳಗಿದ್ದರೆ ಆ ವೇಳೆಯ ಪ್ರಶ್ನೆಯೇ ಬರುವುದಿಲ್ಲ. ಮೊದಲ ಅಂಕಣ ಹೆಣ್ಣುಮಕ್ಕಳ ಹಾಸ್ಟೆಲಿಗೆ ಆಗಬೇಕೆಂದು ನಾವು ಕೇಳುವುದು ಇದಕ್ಕೇ. ರಸ್ತೆಯ ಕಣ್ಣು ತಪ್ಪಿಸಲು ಕಾಂಪೌಂಡಿನ ಮೇಲೆ ಹಸಿರು ಶೇಡ್ ನೆಟ್ ಕಟ್ಟಿಸಿ, ನೆಲದಿಂದ ಹತ್ತಡಿ ಎತ್ತರ, ಅರ್ಧ ಗಾಳಿ ಬಿಡುವಂಥದ್ದು, ಅಂಗಡಿಯಲ್ಲಿ 50 ಪರ್ಸೆಂಟ್ ಎಂದು ಕೇಳಿದರೆ ಕೊಡುತ್ತಾರೆ. ಅದು ಗಾಳಿಯನ್ನೂ ಮುರಿಯುತ್ತದೆ. ತಗಡಿನ ಶೀಟು ಹಾಕಿದರೆ ಗಾಳಿಗೆ ಕಂಬ ಸಮೇತ ಮಗುಚುತ್ತದೆ.

ಉಳುಕಿನ ವಿಷಯದಲ್ಲಿ ಹಾಸ್ಟೆಲ್‌ಗಳ ಅಭ್ಯಾಸ ನಮ್ಮ ನಿದ್ದೆ ಕೆಡಿಸುತ್ತದೆ. ಕಾಲು ಮಡಚಿ ಬಿದ್ದವನನ್ನು ಕೂರಿಸಿ, ಯಾರೋ ಒಬ್ಬ ಕೈಗುಣದವನು ಎಣ್ಣೆ ಹಚ್ಚಿ ತಿಕ್ಕಿ, ಎಳೆದು, ಬಿಸಿನೀರು ಸುರಿಯುತ್ತಾನೆ. ಮೊದಲ ಎರಡು ದಿನ ತಿಕ್ಕುವುದೂ ಬಿಸಿಯೂ ಒಳಗಿನ ರಕ್ತಸ್ರಾವವನ್ನು ಹೆಚ್ಚಿಸಿ ಬಾವು ಬೆಳೆಸುತ್ತವೆ. ಮೆಸ್ಸಿನ ಫ್ರಿಜ್ಜಿನ ಐಸ್ ಅನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ ಇಡಬೇಕು, ನಾಲ್ಕಿಂಚಿನ ಕ್ರೇಪ್ ಬ್ಯಾಂಡೇಜನ್ನು ಬೆರಳಿನ ಬುಡದಿಂದ ಮೇಲಕ್ಕೆ ಸುತ್ತಬೇಕು, ಕಾಲನ್ನು ಎರಡು ದಿಂಬಿನ ಮೇಲೆ ಎತ್ತಿಡಬೇಕು. ನಾಲ್ಕು ಹೆಜ್ಜೆ ಊರಲಾಗದಿದ್ದರೆ, ಅಥವಾ ಕಣಕಾಲಿನ ಬದಿಯಲ್ಲಿ ಉಬ್ಬಿರುವ ಮೂಳೆಯ ಹಿಂಬದಿ ಒತ್ತಿದರೆ ನೋಯುತ್ತಿದ್ದರೆ ಅದೇ ರಾತ್ರಿ ಎಕ್ಸ್‌ರೇ ತೆಗೆಸಬೇಕು. ಎರಡು ಮೆಡಿಕಲ್ ಕಾಲೇಜುಗಳಿರುವ ಊರಿನಲ್ಲಿ ಇದಕ್ಕೆ ಬೆಳಗಿನವರೆಗೆ ಕಾಯುವುದು ಯಾವ ನ್ಯಾಯ? ಪೆಟ್ಟಿಗೆಯಲ್ಲಿ ಕ್ರೇಪ್ ಬ್ಯಾಂಡೇಜ್ ನಾಲ್ಕು ಇರಲಿ.

ಕ್ರಿಕೆಟ್. ರಣಜಿ ಟ್ರೋಫಿಯನ್ನು 2013-14ರಲ್ಲೂ 2014-15ರಲ್ಲೂ ಎತ್ತಿದ ಕರ್ನಾಟಕ ತಂಡದ ನಾಯಕ ವಿನಯ್ ಕುಮಾರ್ ಅವರ ಊರಿನಲ್ಲಿ ಕ್ರಿಕೆಟ್ ಬೇಡ ಎನ್ನಲು ನಮಗೆ ಬಾಯಿಲ್ಲ. ಆದರೆ ಸಂಜೆಯ ನಲವತ್ತು ನಿಮಿಷದಲ್ಲಿ ಅದು ಇಡೀ ಮೈದಾನ ನುಂಗಿ, ಇಬ್ಬರಿಗೆ ಬ್ಯಾಟು ಕೊಟ್ಟು ಉಳಿದವರನ್ನು ನಿಲ್ಲಿಸುತ್ತದೆ. ಭಾನುವಾರ ಬೆಳಗ್ಗೆ ಆರರಿಂದ ಒಂಬತ್ತು ಕ್ರಿಕೆಟ್ಟಿಗೆ ಬಿಟ್ಟುಬಿಡಿ, ಹತ್ತು ಹತ್ತು ಓವರಿನ ಎರಡು ಪಂದ್ಯ ಆಗುತ್ತದೆ. ಕಾರಿಡಾರಿನ ಕಿಟಕಿ ಗಾಜಿನ ಖರ್ಚೂ ಉಳಿಯುತ್ತದೆ.

ಮಲ್ಟಿಜಿಮ್ ಕೊಳ್ಳಬೇಡಿ. ಕೇಬಲ್ ಒಂದು ತುಂಡಾದರೆ ರಿಪೇರಿಗೆ ಜನ ಸಿಗದೆ ಟವೆಲ್ ಒಣಹಾಕುವ ಸ್ಟ್ಯಾಂಡ್ ಆಗುತ್ತದೆ. ಅದೇ ದುಡ್ಡಿನಲ್ಲಿ ಸಿಂಗಲ್ ಬಾರ್ ಎರಡು, ಡಬಲ್ ಬಾರ್ ಒಂದು ಬೆಸುಗೆಯವರಿಂದ ಮಾಡಿಸಿ ಅಂಕಣದ ಪಕ್ಕ ನೆಡಿಸಿ; ಗರಡಿ ಮನೆಗಳ ಊರಿಗೆ ದಂಡ ಬಸ್ಕಿ ಹೇಳಿಕೊಡಬೇಕಾಗಿಲ್ಲ. ಕೇರಂ ಬೋರ್ಡ್ ಎರಡು, ಚೆಸ್ ನಾಲ್ಕು ಮಳೆಗಾಲಕ್ಕೆ ಇರಲಿ.

ಕೆಲಸದ ಕಾಲದ ಬಗ್ಗೆ ಕೊನೆಯದಾಗಿ. ಎರೆ ಅಗೆಯುವುದು ಫೆಬ್ರುವರಿಯಲ್ಲಿ, ಒಣಗಿ ಹೆಂಟೆಯಾಗಿ ಏಳುವಾಗ. ಗರಸು ತುಂಬಿ ರೋಲರ್ ಓಡಿಸುವುದು ಮಾರ್ಚ್ ಮುಗಿಯುವುದರೊಳಗೆ. ಮೇಲಿನ ಹಾಸು ಏಪ್ರಿಲ್ ಮೊದಲ ವಾರ. ಮೇ ತಿಂಗಳ ಮುಂಗಾರುಪೂರ್ವ ಮಳೆ ಒಂದೆರಡು ಬಿದ್ದು ಎಲ್ಲಿ ತಗ್ಗಾಗಿದೆ, ನೀರು ಎಲ್ಲಿ ನಿಲ್ಲುತ್ತದೆ ಎಂದು ತೋರಿಸಿದ ಮೇಲೆ ಅಲ್ಲಿಗೆ ಮಣ್ಣು ತುಂಬಿ ಮತ್ತೊಮ್ಮೆ ರೋಲರ್. ಈ ಕ್ರಮ ತಪ್ಪಿ ಜುಲೈನಲ್ಲಿ ಗುದ್ದಲಿ ಪೂಜೆ ಮಾಡಿದರೆ ಆ ವರ್ಷ ಕೆಸರುಗದ್ದೆ ಓಟವನ್ನು ಮಾತ್ರ ಆಡಿಸಬಹುದು. ಗೆರೆ ಹಾಕುವ ದಿನ ತಿಳಿಸಿ. ಹಗ್ಗ, ಗೂಟ, ಟೇಪು ನಾವೇ ತರುತ್ತೇವೆ; ನಾಲ್ಕು ಜನ ವಿದ್ಯಾರ್ಥಿಗಳನ್ನು ಜೊತೆಗೆ ನಿಲ್ಲಿಸಿ, ಮುಂದಿನ ಸಲ ಅವರೇ ಹಾಕಿಕೊಳ್ಳುತ್ತಾರೆ.

ಇಂತಿ,
ಕೆಲವು ದೈಹಿಕ ಶಿಕ್ಷಣ ಬೋಧಕರು ಮತ್ತು ಮೈದಾನದ ಕೆಲಸಗಾರರು
ದಾವಣಗೆರೆ